ನಿವೃತ್ತರ ತೆರಿಗೆಯೂ ಕಚೇರಿಯ ಭಾಷೆಯೂ

ಊರು ಬಿಟ್ಟು ಬಂದವನಿಗೆ ದುಡಿಯುವ ಕಾಲದಲ್ಲಿ ಪರಭಾಷೆಯ ತೊಡಕು ಅಷ್ಟಾಗಿ ಬಾಧಿಸುವುದಿಲ್ಲ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದು ಪುಣೆಯ ಹೋಟೆಲಿನಲ್ಲಿ ಸಪ್ಲಾಯರನಾಗಿ ಸೇರಿದ ಹುಡುಗನು ಮೂರು ತಿಂಗಳೊಳಗಾಗಿ ಗಿರಾಕಿಯ ಮರಾಠಿಯನ್ನು ಕಲಿಯುತ್ತಾನೆ. ಆರು ತಿಂಗಳೊಳಗಾಗಿ ಗಿರಾಕಿಯ ಕೋಪವನ್ನೂ ಅದೇ ಭಾಷೆಯಲ್ಲಿ ಶಮನಗೊಳಿಸುತ್ತಾನೆ. ಗುಮಾಸ್ತನಾಗಿ ಬಂದ ಧಾರವಾಡ, ವಿಜಾಪುರದ ಕಡೆಯವನಿಗಂತೂ ಮರಾಠಿಯು ಅರ್ಧ ಮನೆಮಾತೇ ಆಗಿರುತ್ತದೆ. ಆದರೆ ಆಡುವ ಮರಾಠಿ ಬೇರೆ, ಕಾಗದದ ಮರಾಠಿ ಬೇರೆ. ಅರುವತ್ತು ದಾಟಿ, ಕೈಯಲ್ಲಿದ್ದ ತಟ್ಟೆಯನ್ನೋ ಲೇಖನಿಯನ್ನೋ ಕೆಳಗಿಟ್ಟ ಮೇಲೆ, ನಮ್ಮವನು ಮೊದಲ ಬಾರಿಗೆ ತೆರಿಗೆಯ ಕಾಗದವೊಂದರ ಮುಂದೆ ಒಬ್ಬಂಟಿಯಾಗಿ ಕುಳಿತುಕೊಳ್ಳುತ್ತಾನೆ. ತಾನು ಪರಸ್ಥಳದಲ್ಲಿರುವುದು ನಲವತ್ತು ವರ್ಷಗಳ ತರುವಾಯ ಆಗ ಅವನಿಗೆ ಅರಿವಾಗುತ್ತದೆ.

ಕೆಲವು ದಿನಗಳ ಹಿಂದೆ ನಮ್ಮ ಪತ್ರಿಕಾ ಕಚೇರಿಗೆ ಹಿರಿಯರೊಬ್ಬರು ಬಂದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ, ಊರಿನಿಂದ ಬಸ್ಸು ಹತ್ತಿ ಬಂದು, ಇಲ್ಲಿಯ ಹೋಟೆಲೊಂದರಲ್ಲಿ ಸೇರಿದಾಗ ಅಲ್ಲಿಯ ದೋಸೆಕಲ್ಲಿನ ಮುಂದೆ ನಿಂತಿದ್ದವರು ಅವರು. ಮುಂದೆ ನಾವೇ ಹೋಟೆಲು ತೆರೆದಾಗ ನಮ್ಮಲ್ಲಿಯೂ ಹಲವು ವರ್ಷ ದುಡಿದರು. ಅವರು ಬಂದುದು ಹತ್ತು ಸಾವಿರ ರೂಪಾಯಿ ಕೈಗಡ ಕೇಳುವುದಕ್ಕಾಗಿ. ಕಾರಣ ಕೇಳಿದೆವು. ಕಟ್ಟಿದ ಕರದ ಬಗ್ಗೆ ವಿಚಾರಿಸಲೆಂದು ಒಂದು ಕಚೇರಿಗೆ ಹೋಗಿದ್ದರಂತೆ. ಕಿಟಕಿಯ ಆಚೆಗಿದ್ದವರು ಸೌಮ್ಯವಾಗಿಯೇ "ಪಾವತೀ ಆಣಾ" ಎಂದರಂತೆ. ಕನ್ನಡದಲ್ಲಿ ಪಾವತಿಯೆಂದರೆ ಹಣ ಸಲ್ಲಿಸುವುದು. ಮರಾಠಿಯಲ್ಲಿ ಪಾವತೀ ಎಂದರೆ ಸಲ್ಲಿಸಿದ ಹಣಕ್ಕೆ ಕೊಡುವ ರಸೀದಿ. ರಸೀದಿಯನ್ನು ತನ್ನಿರೆಂದದ್ದನ್ನು ಹಣ ತನ್ನಿರೆಂದು ತಿಳಿದ ಈ ಹಿರಿಯರು, ಒಮ್ಮೆ ಕಟ್ಟಿದ ಕರವನ್ನು ಮತ್ತೊಮ್ಮೆ ಕಟ್ಟುವುದಕ್ಕಾಗಿ ಸಾಲಕ್ಕೆ ಹೊರಟಿದ್ದರು. ರಸೀದಿಯು ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಅದನ್ನು ತೆಗೆದು ತೋರಿಸಿದಾಗ ಅವರು ನಗಲಿಲ್ಲ. "ತಮ್ಮಾ, ನಲವತ್ತು ವರ್ಷ ಈ ಊರಿನವರ ಆರ್ಡರು ಕೇಳಿದ್ದೇನೆ, ಒಂದು ದಿನ ತಪ್ಪಿ ಕೇಳಿಸಿಕೊಂಡವನಲ್ಲ, ಇವತ್ತು ತಪ್ಪಿ ಕೇಳಿದೆ" ಎಂದಷ್ಟೇ ಹೇಳಿ ಕುಳಿತುಬಿಟ್ಟರು.

ಇದರಲ್ಲಿ ಕಿಟಕಿಯವರ ದೋಷವಿಲ್ಲ. ಹಿರಿಯರ ದೋಷವೂ ಇಲ್ಲ. ಕನ್ನಡ ಮರಾಠಿಗಳೆರಡೂ ನೆರೆಮನೆಯ ಭಾಷೆಗಳಾದುದರಿಂದಲೇ ಈ ಬಗೆಯ ಮೋಸ ಒದಗುತ್ತದೆ. ಸವಲತ್ ಎಂಬುದು ನಮ್ಮ ಸವಲತ್ತೇ. ಅರ್ಜ ಎಂಬುದು ನಮ್ಮ ಅರ್ಜಿಯೇ. ಆದರೆ ದಾಖಲಾ ಎಂದರೆ ನಾವು ತಿಳಿಯುವ ದಾಖಲೆಯಲ್ಲ, ಪ್ರಮಾಣಪತ್ರ. ಬದುಕಿರುವುದಕ್ಕೆ ನಿವೃತ್ತನು ಕೊಡಬೇಕಾದ ಪತ್ರವು ಇಲ್ಲಿ 'ಹಯಾತೀಚಾ ದಾಖಲಾ'. ಮಿಳಕತ್ ಕರ ಎಂದರೆ ಆಸ್ತಿ ತೆರಿಗೆ, ಗಳಿಕೆಯ ತೆರಿಗೆಯಲ್ಲ. ಆಕಾರಣೀ ಎಂದರೆ ಕರ ನಿರ್ಧರಣೆ. ಥಕಬಾಕೀ ಎಂದರೆ ಹಿಂದಿನ ಬಾಕಿ. ಭೋಗವಟಾದಾರ ಎಂದರೆ ಮನೆಯಲ್ಲಿ ವಾಸವಾಗಿರುವವನು. ಶಾಸ್ತೀ ಎಂದರೆ ತಡಮಾಡಿದ್ದಕ್ಕೆ ಬೀಳುವ ದಂಡ. 'ತಕ್ಕ ಶಾಸ್ತಿ' ಎಂದು ಕೇಳಿ ಬೆಳೆದ ನಮ್ಮವನು ಆ ಶಬ್ದವನ್ನು ಕಂಡೊಡನೆ ಪೋಲೀಸರನ್ನು ನೆನೆಯುತ್ತಾನೆ. ಹತ್ತೇ ಶಬ್ದಗಳ ಪರಿಚಯವಿಲ್ಲದುದರಿಂದ ಮನುಷ್ಯನೊಬ್ಬನು ತನ್ನ ನಿದ್ರೆಯನ್ನೂ ಹಣವನ್ನೂ ಕಳೆದುಕೊಳ್ಳುವನೆಂದರೆ ಅದು ಅಲ್ಪವಾದ ಸಂಗತಿಯಲ್ಲ.

ಈ ಕಷ್ಟವು ಬಡವರಿಗೆ ಮಾತ್ರ, ನಮ್ಮ ದೇಶದಲ್ಲಿ ಮಾತ್ರ ಇರುವುದೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ದುಡಿದು ನಿವೃತ್ತರಾಗಿ, ಬಿಸಿಲಿನ ಆಸೆಯಿಂದ ಸ್ಪೇನಿನ ಕರಾವಳಿಯಲ್ಲಿ ಮನೆ ಮಾಡಿಕೊಂಡ ವೃದ್ಧರು ಸಾವಿರಾರು ಮಂದಿ. ವರ್ಷಕ್ಕೆ 183 ದಿನಗಳಿಗಿಂತ ಹೆಚ್ಚು ಅಲ್ಲಿದ್ದರೆ ಅಲ್ಲಿಯ ತೆರಿಗೆಗೆ ಒಳಪಡಬೇಕು. ಕಾಗದವೆಲ್ಲ ಸ್ಪ್ಯಾನಿಷ್ ಭಾಷೆಯಲ್ಲಿ. ಪರದೇಶದಲ್ಲಿ 50,000 ಯೂರೋಗಳಿಗಿಂತ ಹೆಚ್ಚು ಆಸ್ತಿಯಿದ್ದವರು ಅದನ್ನು ಘೋಷಿಸಬೇಕೆಂದು 2012ರಲ್ಲಿ ಆ ದೇಶವು ಕಾನೂನು ಮಾಡಿ, ತಪ್ಪಿದವರಿಗೆ ತೆರಿಗೆಗಿಂತಲೂ ದೊಡ್ಡದಾದ ದಂಡವನ್ನು ಗೊತ್ತುಪಡಿಸಿತ್ತು. ಆ ದಂಡಗಳು ಮಿತಿಮೀರಿದವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2022ರ ಜನವರಿಯಲ್ಲಿ ತೀರ್ಪಿತ್ತಿತು. ಕಾಗದ ಪತ್ರಗಳನ್ನು ತುಂಬಿಕೊಡುವುದನ್ನೇ ವೃತ್ತಿಯಾಗುಳ್ಳವರು ಆ ದೇಶದ ಊರೂರಿನಲ್ಲಿದ್ದಾರೆ. ಹಣವುಳ್ಳ ಆಂಗ್ಲ ವೃದ್ಧನು ಅವರಿಗೆ ಶುಲ್ಕ ತೆತ್ತು ನಿಶ್ಚಿಂತನಾಗುತ್ತಾನೆ. ನಮ್ಮ ನಿವೃತ್ತ ಭಟ್ಟರಿಗೂ ಸಪ್ಲಾಯರರಿಗೂ ಅಂತಹ ಅನುಕೂಲವಿಲ್ಲ. ಅವರಿಗಿರುವುದು ಓಣಿಯ ಏಜಂಟನು. ಅವನ ವಿಚಾರವನ್ನು ಮುಂದೆ ಹೇಳುತ್ತೇವೆ.

ಮೊದಲು, ಈ ಅಜ್ಞಾನದ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಹೋಟೆಲಿನಲ್ಲಿ ಜೀವಮಾನವಿಡೀ ದುಡಿದು, ಊರಿನ ಚೂರು ಜಾಗವನ್ನು ಮಾರಿ ಬಂದುದನ್ನೂ ಸೇರಿಸಿ, ಒಬ್ಬನು ಹತ್ತು ಲಕ್ಷ ರೂಪಾಯಿಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟನೆನ್ನಿ. ಶೇಕಡಾ 7ರಂತೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ. ಅರುವತ್ತು ತುಂಬಿದವರ ಬಡ್ಡಿಯು ಒಂದು ಬ್ಯಾಂಕಿನಲ್ಲಿ 50,000 ದಾಟಿದರೆ ಶೇಕಡಾ 10ರಂತೆ ತೆರಿಗೆ ಮುರಿದುಕೊಳ್ಳಬೇಕೆಂಬ ನಿಯಮವು 2025ರ ಮಾರ್ಚ್ 31ರ ವರೆಗೆ ಇದ್ದಿತು. ಅಂದರೆ ಇವನ ಬಡ್ಡಿಯಿಂದ ವರ್ಷಕ್ಕೆ 7,000 ರೂಪಾಯಿ ಸರಕಾರಕ್ಕೆ ಹೋಗುತ್ತಿತ್ತು. ಆದರೆ ಇವನ ಒಟ್ಟು ಆದಾಯಕ್ಕೆ ತೆರಿಗೆಯೇ ಇಲ್ಲ! 'ನನಗೆ ತೆರಿಗೆ ಬರುವುದಿಲ್ಲ' ಎಂದು ಹದಿನೈದು ಎಚ್ ಎಂಬ ಪತ್ರವನ್ನು ವರ್ಷಾರಂಭದಲ್ಲಿ ಬ್ಯಾಂಕಿಗೆ ಕೊಟ್ಟಿದ್ದರೆ ಒಂದು ಪೈಸೆಯನ್ನೂ ಮುರಿಯುವಂತಿರಲಿಲ್ಲ. ಕೊಡದಿದ್ದರೂ, ಆದಾಯದ ಲೆಕ್ಕಪತ್ರವನ್ನು ಸಲ್ಲಿಸಿದ್ದರೆ ಮುರಿದ ಹಣವೆಲ್ಲ ಹಿಂದಿರುಗುತ್ತಿತ್ತು. ಪತ್ರವು ಇಂಗ್ಲೀಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದುದರಿಂದ ಇವನು ಮುಟ್ಟಲಿಲ್ಲ. ತೆರಿಗೆಯ ಹೆಸರೆತ್ತಿದರೆ ಎಲ್ಲಿ ಸಿಕ್ಕಿಬೀಳುವೆನೋ ಎಂಬ ಹೆದರಿಕೆಯಿಂದ ವಿಚಾರಿಸಲೂ ಇಲ್ಲ. ತೆರಿಗೆಯ ಋಣವಿಲ್ಲದವನೇ ತೆರಿಗೆ ತೆತ್ತು ಸುಮ್ಮನಾದನು.

2025ರ ಏಪ್ರಿಲ್ 1ರಿಂದ ಆ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಲಾಗಿದೆ. 2025-26ರ ಹಣಕಾಸು ವರ್ಷದಿಂದ, ಹೊಸ ತೆರಿಗೆ ಪದ್ಧತಿಯಲ್ಲಿ, ಸಾಮಾನ್ಯ ಆದಾಯವು 12 ಲಕ್ಷ ದಾಟದ ನಿವಾಸಿಗೆ ರಿಯಾಯಿತಿಯ ಮೂಲಕ ತೆರಿಗೆಯು ಶೂನ್ಯವಾಗುತ್ತದೆ. ಎಪ್ಪತ್ತೈದು ತುಂಬಿ, ಪಿಂಚಣಿಯೂ ಅದೇ ಬ್ಯಾಂಕಿನ ಬಡ್ಡಿಯೂ ಅಲ್ಲದೆ ಬೇರೆ ಆದಾಯವಿಲ್ಲದವರು ಬ್ಯಾಂಕಿಗೆ ಒಂದು ಘೋಷಣೆಯನ್ನು ಕೊಟ್ಟರೆ ಲೆಕ್ಕಪತ್ರ ಸಲ್ಲಿಸುವ ಹೊಣೆಯಿಂದಲೇ ಬಿಡುಗಡೆ ಹೊಂದುವ ಏರ್ಪಾಡು 2021ರ ಏಪ್ರಿಲಿನಿಂದ ಬಂದಿದೆ. ಹಿಂದಿನ ವರ್ಷಗಳ ಮರುಪಾವತಿಯನ್ನು ಕೇಳದೆ ಬಿಟ್ಟವರಿಗೆ, ವಿಳಂಬವನ್ನು ಮನ್ನಿಸಬೇಕೆಂದು ಐದು ವರ್ಷಗಳ ಅವಧಿಯೊಳಗೆ ಬೇಡಿಕೊಳ್ಳುವ ಅವಕಾಶವನ್ನು 2024ರ ಅಕ್ಟೋಬರದ ಸುತ್ತೋಲೆಯು ಇತ್ತಿದೆ. ಇವೆಲ್ಲವೂ ವೃದ್ಧರ ಹಿತಕ್ಕಾಗಿಯೇ ಮಾಡಿದ ಏರ್ಪಾಡುಗಳು. ಆದರೆ ವೃದ್ಧನ ಕಿವಿಗೆ ಅವನ ಭಾಷೆಯಲ್ಲಿ ಬೀಳದ ಸವಲತ್ತು ಬೀಗ ಹಾಕಿದ ಉಗ್ರಾಣದ ಅಕ್ಕಿಯಂತೆ. ಅದರ ಮೇಲೆ, 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನದಲ್ಲಿ 2025ರ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಗೊತ್ತುಮಾಡಿರುವುದರಿಂದ ಕಲಮುಗಳ ಅಂಕೆಗಳೂ ಪತ್ರಗಳ ಹೆಸರುಗಳೂ ಬದಲಾಗತಕ್ಕವು. ಹದಿನೈದು ಎಚ್ ಎಂಬ ಹೆಸರನ್ನು ಕಷ್ಟಪಟ್ಟು ಬಾಯಿಪಾಠ ಮಾಡಿದವನು ಇನ್ನು ಹೊಸ ಹೆಸರನ್ನು ಕಲಿಯಬೇಕು.

ಪುಣೆಯಲ್ಲಿ ಸ್ವಂತ ಮನೆಯುಳ್ಳವರಿಗೆ ಇನ್ನೊಂದು ಸಂಗತಿಯುಂಟು. ತನ್ನ ಮನೆಯಲ್ಲಿ ತಾನೇ ವಾಸಿಸುವವನಿಗೆ ಆಸ್ತಿ ತೆರಿಗೆಯಲ್ಲಿ ಶೇಕಡಾ 40ರ ಸವಲತ್ತನ್ನು ಪುಣೆ ಮಹಾನಗರಪಾಲಿಕೆಯು 1970ರಿಂದ ಕೊಡುತ್ತ ಬಂದಿತ್ತು. ಲೆಕ್ಕ ತನಿಖೆಯ ಆಕ್ಷೇಪದ ತರುವಾಯ ಅದು ನಿಂತುಹೋಗಿ, 2023ರಲ್ಲಿ ರಾಜ್ಯ ಸರಕಾರದ ಒಪ್ಪಿಗೆಯಿಂದ ಮತ್ತೆ ಬಂದಿತು. ಆದರೆ ಸವಲತ್ತು ತಪ್ಪಿದ್ದವರು ಪಿಟಿ-3 ಎಂಬ ಪತ್ರವನ್ನು ತುಂಬಿ, ತಾನೇ ವಾಸವಾಗಿರುವುದಕ್ಕೆ ಆಧಾರಗಳನ್ನು ಜೋಡಿಸಿ ಒಪ್ಪಿಸಬೇಕಾಯಿತು. ಸುದ್ದಿ ಮರಾಠಿ ಪತ್ರಿಕೆಗಳಲ್ಲಿ ಬಂದಿತು. ಮರಾಠಿ ಪತ್ರಿಕೆಯನ್ನು ಓದುವವರು ಸಾಲಿನಲ್ಲಿ ನಿಂತರು. ಕನ್ನಡವನ್ನಷ್ಟೇ ಓದಬಲ್ಲ ನಮ್ಮ ಹಿರಿಯನು ಬಿಲ್ಲಿನಲ್ಲಿ ಬಂದ ದೊಡ್ಡ ಅಂಕೆಯನ್ನು ನೋಡಿ ನಿಟ್ಟುಸಿರಿಟ್ಟು ಕಟ್ಟಿದನು, ಅಥವಾ ಕಟ್ಟಲಾರದೆ ಬಿಟ್ಟು ತಿಂಗಳಿಗೆ ಶೇಕಡಾ 2ರ ಶಾಸ್ತಿಯನ್ನು ಬೆಳೆಯಗೊಟ್ಟನು. ಸಣ್ಣ ಕ್ಯಾಂಟೀನನ್ನೋ ಚಹದ ಅಂಗಡಿಯನ್ನೋ ಇನ್ನೂ ನಡೆಸುತ್ತಿರುವ ವೃದ್ಧರಿಗೂ ಒಂದು ಮಾತು: ಮಹಾರಾಷ್ಟ್ರದಲ್ಲಿ ಅರುವತ್ತೈದು ತುಂಬಿದವರಿಗೆ ವೃತ್ತಿ ತೆರಿಗೆಯಿಲ್ಲ. ಇದನ್ನು ತಿಳಿಯದೆ ವರ್ಷಕ್ಕೆ 2,500 ರೂಪಾಯಿಗಳನ್ನು ಅಭ್ಯಾಸಬಲದಿಂದ ಕಟ್ಟುತ್ತಿರುವವರನ್ನು ನಾವು ಬಲ್ಲೆವು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ದೋಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಇಬ್ಬರು ಶ್ರೀನಿವಾಸರಿದ್ದರು. ಹಾಜರಿ ಪುಸ್ತಕದಲ್ಲಿ ನಾವು ಬರೆದುದು 'ದೊಡ್ಡ ಶೀನ', 'ಸಣ್ಣ ಶೀನ' ಎಂದು. ವಯಸ್ಸನ್ನು ಮುಖ ನೋಡಿ ಬರೆದೆವು. ಅದೇ ಪುಸ್ತಕವನ್ನು ಮುಂದಿಟ್ಟುಕೊಂಡು ಭವಿಷ್ಯನಿಧಿಯ ಕಾಗದವನ್ನು ತುಂಬಿಸಿದೆವು. ಶಾಲೆಯ ಪತ್ರದಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು, ನಮ್ಮ ಪುಸ್ತಕದಲ್ಲಿ ಶೀನ. ಮಹಾರಾಷ್ಟ್ರದ ಪದ್ಧತಿಯಲ್ಲಿ ಹೆಸರೆಂದರೆ ಮೂರು ಭಾಗ: ತನ್ನದು, ತಂದೆಯದು, ಅಡ್ಡಹೆಸರು. ನಮ್ಮ ಕರಾವಳಿಯಲ್ಲಿ ಊರಿನ ಅಥವಾ ಮನೆತನದ ಮೊದಲಕ್ಷರವು ಮುಂದೆ ಬರುತ್ತದೆ. ಅಳಿಯಸಂತಾನದ ಕುಟುಂಬಗಳಲ್ಲಿ ತಾಯಿಯ ಮನೆತನವೇ ಮನುಷ್ಯನ ಗುರುತು. ಇಲ್ಲಿಯ ಗುಮಾಸ್ತನು ಖಾಲಿ ಬಿಟ್ಟ ನಡುವಿನ ಮನೆಗೆ ತಂದೆಯ ಹೆಸರನ್ನು ತುಂಬುತ್ತಾನೆ. ಮುಂದಿನ ಅಕ್ಷರವನ್ನು ಕೈಬಿಡುತ್ತಾನೆ. ಹೀಗೆ ಒಬ್ಬ ಮನುಷ್ಯನಿಗೆ ಮೂರು ಕಾಗದಗಳಲ್ಲಿ ಮೂರು ಹೆಸರು.

ದುಡಿಯುವಾಗ ಇದರಿಂದ ಏನೂ ಆಗಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಮುಖ ನೋಡಿ ಸಂಬಳ ಕೊಡುತ್ತಿದ್ದನು. ಆದರೆ 2023ರ ಜುಲೈ 1ರಿಂದ ಆಧಾರಕ್ಕೆ ಜೋಡಿಸದ ಪ್ಯಾನ್ ಸಂಖ್ಯೆಯು ನಿಷ್ಕ್ರಿಯವೆಂದಾಯಿತು. ಎಂಬತ್ತು ತುಂಬಿದವರಿಗೂ ಇನ್ನು ಕೆಲವು ವರ್ಗದವರಿಗೂ ಮಾತ್ರ ವಿನಾಯಿತಿ. ಹೆಸರು, ಜನ್ಮದಿನ ತಾಳೆಯಾಗದಿದ್ದರೆ ಜೋಡಣೆಯಿಲ್ಲ. ಜೋಡಣೆಯಿಲ್ಲದಿದ್ದರೆ ಬಡ್ಡಿಯ ಮೇಲೆ ಶೇಕಡಾ 10ರ ಬದಲು 20ರಂತೆ ಕಡಿತ. ತೆರಿಗೆಯಿಲ್ಲವೆಂಬ ಘೋಷಣೆಗೂ ಬೆಲೆಯಿಲ್ಲ. ಭವಿಷ್ಯನಿಧಿಯ ಹಣವೂ, ಹತ್ತು ವರ್ಷ ಸದಸ್ಯನಾಗಿದ್ದವನಿಗೆ ಸಲ್ಲುವ ಅಲ್ಪ ಪಿಂಚಣಿಯೂ ಅದೇ ತಾಳೆಯ ತೊಡಕಿನಲ್ಲಿ ನಿಲ್ಲುತ್ತವೆ. ಹೋಟೆಲಿನ ಮಾಲಿಕನು ಇಪ್ಪತ್ತೈದು ವರ್ಷಗಳ ಹಿಂದೆ ಉದಾಸೀನದಿಂದ ಗೀಚಿದ ಒಂದು ಹೆಸರು ಇಂದು ಮುದುಕನ ಬಡ್ಡಿಯ ಐದರಲ್ಲೊಂದು ಪಾಲನ್ನು ಕಚ್ಚಿಕೊಂಡು ಹೋಗುತ್ತದೆ. ಆ ಮಾಲಿಕರಲ್ಲಿ ನಾವೂ ಒಬ್ಬರೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ದೊಡ್ಡ ಶೀನಣ್ಣನ ಕಾಗದವನ್ನು ಸರಿಪಡಿಸಲು ನಮಗೆ ಎಂಟು ತಿಂಗಳು ಹಿಡಿಯಿತು. ಸಣ್ಣ ಶೀನನು ಊರಿಗೆ ಹೋದವನು. ಅವನ ಕಾಗದವು ಸರಿಯಾಗುವ ಮೊದಲೇ ತೀರಿಕೊಂಡನು.

'ಮಕ್ಕಳಿದ್ದಾರಲ್ಲ, ಅವರು ಓದಿ ಹೇಳಬಾರದೆ?' ಎಂದು ಕೇಳುವವರುಂಟು. ಮಕ್ಕಳು ಇಲ್ಲಿಯೇ ಹುಟ್ಟಿ ಮರಾಠಿಯನ್ನೋ ಇಂಗ್ಲೀಷನ್ನೋ ಓದಿದವರು. ಆ ಕಾಗದವು ಅವರಿಗೆ ಎರಡು ನಿಮಿಷದ ಕೆಲಸ. ಆದರೆ ಹಿಂಜವಡಿಯ ಕಂಪೆನಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವ ಮಗನಿಗೆ ಆ ಎರಡು ನಿಮಿಷ ಒದಗುವುದಿಲ್ಲ. ಒದಗಿದರೂ, ತನ್ನಲ್ಲಿರುವುದೆಷ್ಟು ಇಲ್ಲದ್ದೆಷ್ಟು ಎಂಬುದನ್ನು ಮಗಸೊಸೆಯರ ಮುಂದೆ ಬಿಚ್ಚಿಡಲು ತಂದೆಗೆ ಸಂಕೋಚ. ಹೋಟೆಲಿನ ಮೇಲಂತಸ್ತಿನಲ್ಲಿ ಮಲಗಿ ಆಯುಷ್ಯ ಕಳೆದು, ಸಂಸಾರವನ್ನು ಊರಿನಲ್ಲಿಯೇ ಬಿಟ್ಟವರಿಗಂತೂ ಇಲ್ಲಿ ಮಕ್ಕಳೂ ಇಲ್ಲ.

ಈ ತೆರವಿನಲ್ಲಿಯೇ ಏಜಂಟನು ಕಾಲಿಡುತ್ತಾನೆ. ಎಲ್ಲ ಏಜಂಟರೂ ಕೆಟ್ಟವರಲ್ಲ. ಆದರೆ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವನೂ, ಫೋನಿಗೆ ಬಂದ ಒ.ಟಿ.ಪಿ. ಕೇಳುವವನೂ, 'ಹೆಚ್ಚು ಮರುಪಾವತಿ ತರಿಸಿಕೊಡುತ್ತೇನೆ, ಅದರಲ್ಲಿ ನನಗಿಷ್ಟು ಪಾಲು' ಎನ್ನುವವನೂ ನಂಬತಕ್ಕವರಲ್ಲ. ಇಲ್ಲದ ದೇಣಿಗೆ, ಇಲ್ಲದ ಸಾಲ, ಇಲ್ಲದ ಕಾಯಿಲೆಗಳನ್ನು ತೋರಿಸಿ ಸುಳ್ಳು ಕಡಿತಗಳನ್ನು ಪಡೆದ ಜಾಲಗಳ ಮೇಲೆ ಆದಾಯ ತೆರಿಗೆ ಇಲಾಖೆಯು 2025ರ ಜುಲೈ ತಿಂಗಳಲ್ಲಿ ದೇಶದಾದ್ಯಂತ ಶೋಧ ನಡೆಸಿತು. ಬರೆದವನು ಯಾರೇ ಆಗಿರಲಿ, ಸಹಿ ಹಾಕಿದವನೇ ಹೊಣೆಗಾರನು. ತನಗೆ ತೆರಿಗೆ ಬರುವುದಿಲ್ಲವೆಂಬ ಘೋಷಣೆಯೂ ಹಾಗೆಯೇ. ಅದು ನಿಜವಾಗಿದ್ದರೆ ಮಾತ್ರ ಸಹಿ ಹಾಕತಕ್ಕದ್ದು.

ಇನ್ನು ಭಾಷೆಯ ಪ್ರಶ್ನೆಗೆ ಬರೋಣ. ನಮ್ಮ ಕೆಲವು ತರುಣರು ಈ ಸಂಗತಿಯನ್ನು ಕೇಳಿದೊಡನೆ ಮುಷ್ಟಿ ಬಿಗಿದು, ಇದು ಕನ್ನಡಕ್ಕಾದ ಅವಮಾನವೆಂದು ಕೂಗುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಕನ್ನಡನಾಡಿನ ಆಡಳಿತವು ಕನ್ನಡದಲ್ಲಿ ನಡೆಯಬೇಕೆಂಬ ಕಾಯಿದೆಯು 1963ರದು; ಮಹಾರಾಷ್ಟ್ರದ ಆಡಳಿತವು ಮರಾಠಿಯಲ್ಲಿ ನಡೆಯಬೇಕೆಂಬ ಕಾಯಿದೆಯು 1964ರದು. ಒಂದನ್ನು ಹೊಗಳಿ ಇನ್ನೊಂದನ್ನು ಹಳಿಯುವುದು ನ್ಯಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ಮಕ್ಕಳು ಮರಾಠಿಯಲ್ಲಿ ಓದಬೇಕಾಗಿದ್ದಾಗ, ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ ಡೆಪ್ಯುಟಿ ಚೆನ್ನಬಸಪ್ಪನವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಜನರ ಭಾಷೆಯಲ್ಲಿ ಶಾಲೆಯೂ ಕಚೇರಿಯೂ ನಡೆಯಬೇಕೆಂಬ ಅದೇ ತತ್ತ್ವದ ಮೇಲೆಯೇ ಪುಣೆಯ ಕಚೇರಿಯು ಮರಾಠಿಯಲ್ಲಿ ನಡೆಯುತ್ತಿದೆ.

ಆದರೆ ಅದೇ ತತ್ತ್ವವು ಅಲ್ಪಸಂಖ್ಯಾತನಿಗೂ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸಂವಿಧಾನದ 350ನೆಯ ಅನುಚ್ಛೇದದಂತೆ, ತನ್ನ ಕಷ್ಟದ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಉತ್ತರವು ಅದೇ ಭಾಷೆಯಲ್ಲಿ ಬರಬೇಕೆಂದು ಅಲ್ಲಿ ಹೇಳಿಲ್ಲ. ಆದರೂ ಬರೆದುಕೊಡಲು ಹೆದರಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯೊಬ್ಬನಿರಬೇಕೆಂಬ ವಿಧಿಯು 1956ರ ತಿದ್ದುಪಡಿಯಿಂದ ಸೇರಿತು. ಒಂದು ಜಿಲ್ಲೆಯಲ್ಲಿಯೋ ತಾಲೂಕಿನಲ್ಲಿಯೋ ನಗರಸಭೆಯಲ್ಲಿಯೋ ಜನಸಂಖ್ಯೆಯ ಶೇಕಡಾ 15ರಷ್ಟಿರುವ ಅಲ್ಪಸಂಖ್ಯಾತರಿಗೆ ಮುಖ್ಯ ಪ್ರಕಟನೆಗಳನ್ನು ಅವರ ಭಾಷೆಯಲ್ಲಿಯೂ ಕೊಡಬೇಕೆಂಬ ಏರ್ಪಾಡು ಉಂಟು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡಿಗರು ಇದನ್ನು ಧಾರಾಳವಾಗಿ ಕೇಳಬಹುದು. ಪುಣೆಯಲ್ಲಿ ನಮ್ಮ ಸಂಖ್ಯೆ ಅಷ್ಟಿಲ್ಲ. ಆದುದರಿಂದ ನಾವು ಇಲ್ಲಿ ಕೇಳತಕ್ಕದ್ದು ಕನ್ನಡದ ಕಚೇರಿಯನ್ನಲ್ಲ. ವೃದ್ಧನಿಗೆ ನಿಧಾನವಾಗಿ ಎರಡು ಸಲ ಹೇಳುವ ಸೌಜನ್ಯವನ್ನೂ, ಬಿಲ್ಲಿನ ಬೆನ್ನ ಮೇಲೆ ಸವಲತ್ತುಗಳ ಪಟ್ಟಿಯನ್ನು ಸರಳ ಮರಾಠಿಯಲ್ಲಿಯೂ ಇಂಗ್ಲೀಷಿನಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡುವುದನ್ನೂ ಕೇಳಬೇಕು. ಅದರಿಂದ ಮರಾಠಿ ವೃದ್ಧನಿಗೂ ಉಪಕಾರವೇ ಆದೀತು. ಅವನೂ ಕಚೇರಿಯ ಮರಾಠಿಯನ್ನು ಕಂಡು ಬೆವರುವುದನ್ನು ನಾವು ನೋಡಿದ್ದೇವೆ.

ಇಲ್ಲಿ ಸೌಜನ್ಯವನ್ನು ಬೇಡುವ ನಾವು ಅಲ್ಲಿ ಅದನ್ನು ಕೊಡುತ್ತೇವೆಯೇ? ಬೆಳಗಾವಿಯ ಕಚೇರಿಯ ಕಿಟಕಿಯಲ್ಲಿ ಕನ್ನಡ ಓದಲಾರದ ಮರಾಠಿ ಮುದುಕನೊಬ್ಬನು ನಿಂತಾಗ ಆಚೆಗಿರುವ ನಮ್ಮ ತಮ್ಮಂದಿರು ಅವನಿಗೆ ಎರಡು ಸಲ ಹೇಳುತ್ತಾರೆಯೇ? ಇಷ್ಟೇ ಅಲ್ಲ. ನಾಳೆ ನಮ್ಮಲ್ಲೊಬ್ಬನು ಊರಿಗೆ ಮರಳಿ ಅಲ್ಲಿಯೇ ಕಣ್ಣುಮುಚ್ಚಿದರೆ, ಜಮೀನಿನ ಪಹಣಿಯನ್ನು ಹಿಡಿದು ತಾಲೂಕು ಕಚೇರಿಗೆ ಹೋಗುವವನು ಅವನ ಪುಣೆಯ ಮಗನು. ಆ ಪಹಣಿಯು ಕನ್ನಡದಲ್ಲಿರುತ್ತದೆ. ಮಗನಿಗೆ ಕನ್ನಡ ಓದಲು ಬಾರದು. ಅಂದು ಆ ಕಿಟಕಿಯ ಮುಂದೆ ಪರಭಾಷೆಯವನಾಗಿ ನಿಲ್ಲುವುದು ನಮ್ಮ ರಕ್ತವೇ. ಆದುದರಿಂದ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದು ಹಬ್ಬದ ದಿನದ ಅಭಿಮಾನದ ಮಾತಲ್ಲ, ಆಸ್ತಿ ಉಳಿಸುವ ಮಾತು. ಹಾಗೆಯೇ ಹಿರಿಯರು ದೇವನಾಗರಿಯನ್ನು ಕಲಿಯುವುದೂ ಅಸಾಧ್ಯವಲ್ಲ. ಅಆಇಈ ಕ್ರಮವು ಎರಡಕ್ಕೂ ಒಂದೇ. ದಿನಕ್ಕೆ ಅರ್ಧ ಗಂಟೆಯಂತೆ ಕುಳಿತರೆ ತಿಂಗಳೊಳಗೆ ಬಿಲ್ಲನ್ನು ಓದಬಹುದು. ಮುಂಬಯಿಯ ಹೋಟೆಲು ಹುಡುಗರು ಹಗಲೆಲ್ಲ ಕಪ್ಪು ಬಸಿ ತೊಳೆದು, ರಾತ್ರಿ ಕ಼ನ್ನಡ ರಾತ್ರಿಶಾಲೆಗಳಲ್ಲಿ ಓದಿ ವಕೀಲರೂ ಲೆಕ್ಕಪರಿಶೋಧಕರೂ ಆದುದನ್ನು ನಾವು ಮರೆಯಬಾರದು.

ಇನ್ನುಳಿದುದು ನಾವೇ ಮಾಡಬೇಕಾದ ಕೆಲಸ. ಈ ನಗರದಲ್ಲಿ ಎರಡು ಬಗೆಯ ಕನ್ನಡ ನಿವೃತ್ತರಿದ್ದಾರೆ. ಅಂಚೆ, ರೈಲ್ವೆ, ಜೀವವಿಮೆ, ಬ್ಯಾಂಕು, ಸೇನೆಯ ಲೆಕ್ಕಪತ್ರ ಕಚೇರಿಗಳಲ್ಲಿ ಮೂವತ್ತು ಮೂವತ್ತೈದು ವರ್ಷ ಕಾಗದದ ನಡುವೆಯೇ ಬಾಳಿದ ಗುಮಾಸ್ತರು ಒಂದು ಬಗೆ. ಅವರಿಗೆ ಫಾರಮು ತುಂಬುವುದು ವೀಳ್ಯ ಮಡಿಚಿದಷ್ಟು ಸುಲಭ. ಈಗ ಅವರಿಗೆ ಹೊತ್ತು ಹೋಗುವುದೇ ಕಷ್ಟ. ಹೋಟೆಲಿನಲ್ಲಿ ದುಡಿದು, ಕಾಗದವನ್ನು ಕಂಡರೆ ಹಿಂಜರಿಯುವವರು ಇನ್ನೊಂದು ಬಗೆ. ಇವರಿಬ್ಬರೂ ಒಂದೇ ಭಾಷೆಯವರು, ಒಂದೇ ವಯಸ್ಸಿನವರು. ಆದರೂ ಅವರು ಒಂದೆಡೆ ಕೂಡುವುದು ರಾಜ್ಯೋತ್ಸವದ ದಿನ ಮಾತ್ರ; ಅಂದು ಕೂಡ ಒಬ್ಬರು ಮುಂದಿನ ಸಾಲಿನ ಕುರ್ಚಿಯಲ್ಲಿ, ಇನ್ನೊಬ್ಬರು ಪಂಕ್ತಿಯಲ್ಲಿ ಬಡಿಸುತ್ತ. ಇದು ನಮಗೆ ಶೋಭಿಸತಕ್ಕದ್ದಲ್ಲ. ಬಡಿಸಿದ ಕೈಗೆ ಬರೆಯಬಲ್ಲ ಕೈ ಆಸರೆಯಾಗಬೇಕು.

ಆದುದರಿಂದ ನಾವು ಸೂಚಿಸುವುದೇನೆಂದರೆ, ವಾರಕ್ಕೊಂದು ದಿನ ಒಂದು ಮೇಜು, ನಾಲ್ಕು ಕುರ್ಚಿಗಳು. ವೇಳೆ ಮಧ್ಯಾಹ್ನ ಮೂರರಿಂದ ಐದು. ಊಟದ ಗದ್ದಲ ಮುಗಿದು ಸಂಜೆಯ ಚಹ ಆರಂಭವಾಗುವ ಮುನ್ನ ದುಡಿಯುವವರಿಗೂ ಬರಲು ಅನುಕೂಲವಾಗುವ ಹೊತ್ತು ಅದೊಂದೇ. ನಿಯಮಗಳು ಸ್ವಲ್ಪವೇ. ತಂದ ಕಾಗದವನ್ನು ಮೊದಲು ಕನ್ನಡದಲ್ಲಿ ಓದಿ ಹೇಳಬೇಕು. ಖಾಲಿ ಕಾಗದಕ್ಕೆ ಸಹಿ ಇಲ್ಲ. ಒ.ಟಿ.ಪಿ.ಯನ್ನು ಯಾರಿಗೂ ಹೇಳತಕ್ಕದ್ದಲ್ಲ, ತನ್ನ ಫೋನಿನಲ್ಲಿ ತಾನೇ ಒತ್ತತಕ್ಕದ್ದು. ಪ್ರತಿಯೊಂದರ ನಕಲು ಅವನ ಕೈಯಲ್ಲಿಯೇ ಉಳಿಯಬೇಕು. ತಿಳಿಯದ ವಿಷಯವನ್ನು ಊಹಿಸಿ ಬರೆಯದೆ ಲೆಕ್ಕಪರಿಶೋಧಕರಲ್ಲಿಗೆ ಕಳುಹಿಸಬೇಕು. ಒಬ್ಬನ ಹಣದ ಸಂಗತಿ ಮೇಜಿನಿಂದಾಚೆಗೆ ಹೋಗಕೂಡದು. ಹಣ ತೆಗೆದುಕೊಳ್ಳುವಂತಿಲ್ಲ, ಒಂದು ಲೋಟ ಕಾಫಿಯ ಹೊರತು.

ಹೋಟೆಲು ಮಾಲಿಕ ಬಂಧುಗಳಲ್ಲಿಯೂ ಒಂದು ಪ್ರಾರ್ಥನೆ. ಇಂದೇ ನಿಮ್ಮ ಹಾಜರಿ ಪುಸ್ತಕವನ್ನು ತೆರೆದು, ಪ್ರತಿಯೊಬ್ಬನ ಹೆಸರನ್ನೂ ಜನ್ಮದಿನವನ್ನೂ ಅವನ ಆಧಾರದಲ್ಲಿದ್ದಂತೆ ತಿದ್ದಿ ಬರೆಯಿರಿ. ಬಿಟ್ಟು ಹೋಗುವವನಿಗೆ, ಎಷ್ಟು ವರ್ಷ ದುಡಿದನೆಂಬ ಪತ್ರವನ್ನು ಕೇಳುವ ಮೊದಲೇ ಕೊಡಿರಿ. ಇದಕ್ಕೆ ತಗಲುವುದು ಒಂದು ಸಂಜೆ.

ಮೊದಲ ಮೇಜನ್ನು ನಮ್ಮ ಪತ್ರಿಕಾ ಕಚೇರಿಯಲ್ಲಿಯೇ ಮುಂದಿನ ತಿಂಗಳ ಮೊದಲ ಬುಧವಾರ ಹಾಕುತ್ತೇವೆ. ಬರೆಯಬಲ್ಲ ಗುಮಾಸ್ತ ಬಂಧುಗಳು ಕನ್ನಡಕವನ್ನೂ ಲೇಖನಿಯನ್ನೂ ತರಲಿ. ಹಿರಿಯರು ಮನೆಯ ಪೆಟ್ಟಿಗೆಯಲ್ಲಿರುವ ಕಾಗದವನ್ನೆಲ್ಲ, ಬೇಕಾದದ್ದು ಬೇಡವಾದದ್ದೆಂದು ಆರಿಸದೆ, ಚೀಲದಲ್ಲಿ ತುಂಬಿಕೊಂಡು ಬರಲಿ. ದೋಸೆಕಲ್ಲಿನ ಆ ಹಿರಿಯರು ಅಂದು ಬರುತ್ತೇನೆಂದು ಒಪ್ಪಿದ್ದಾರೆ. ಬಂದವರಿಗೆ ಕಾಫಿ ಮಾಡುವುದು ತಮ್ಮ ಪಾಲೆಂದೂ, ಪ್ರತಿಯಾಗಿ ಯಾರಾದರೂ ತಮಗೆ ಮರಾಠಿ ಬಿಲ್ಲು ಓದುವುದನ್ನು ಕಲಿಸಿಕೊಡಬೇಕೆಂದೂ ಹೇಳಿಹೋಗಿದ್ದಾರೆ.